ಎಡಗಡೆಯ ಹಿಂದಿನ ಸ್ಪೀಕರ್

ನನ್ನ ಕಣ್ಣು ತಪ್ಪಿಸಿ ಒಂದು ಕೆಟ್ಟ ವಸ್ತು ನಮ್ಮ ಮನೆಯೊಳಗೆ ಕಾಲಿಡುವುದು ಸಾಧ್ಯವೇ ಇಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖಿನಿಂದ ಹಿಡಿದು ಮಗುವಿನ ಆಟಿಕೆಯ ಸ್ಕ್ರೂವರೆಗೆ ಎಲ್ಲವೂ ನನ್ನ ತಪಾಸಣೆ ಮುಗಿಸಿಕೊಂಡೇ ಒಳಗೆ ಬರಬೇಕು. ಆದ್ದರಿಂದ ನಮ್ಮ ಯಜಮಾನರು ಒಂದು ಸಂಜೆ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡು, "ಮನೆಗೊಂದು ಹೋಮ್ ಥಿಯೇಟರ್ ತಗೊಳ್ಳೋಣವಾ?" ಎಂದಾಗ ನಾನು ಮಂತ್ರಿಗಿರಿ ವಹಿಸಿಕೊಂಡವಳಂತೆ ಘೋಷಿಸಿದೆ.

"ತಗೊಳ್ಳೋಣ. ಆದರೆ ಆರಿಸೋದು, ಜೋಡಿಸೋದು, ಪರೀಕ್ಷೆ ಮಾಡೋದು ಎಲ್ಲ ಖಾತೆಯೂ ನಂದು. ನಿಮ್ಮನ್ನ ಬಿಟ್ಟರೆ ಅಂಗಡಿಯವನು ಖಾಲಿ ಡಬ್ಬಕ್ಕೆ ರಿಬ್ಬನ್ ಕಟ್ಟಿ ಕಳಿಸ್ತಾನೆ."

"ನಿನ್ನಿಷ್ಟ," ಎಂದರು. ಇತ್ತೀಚೆಗೆ ಅವರು ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದರು. ನನ್ನ ಆಡಳಿತದ ಮೇಲಿನ ವಿಶ್ವಾಸ ಎಂದುಕೊಂಡಿದ್ದೆ.

ಮಗು ಹುಟ್ಟಿದ ಮೇಲೆ ನಾವು ಚಿತ್ರಮಂದಿರದ ಮೆಟ್ಟಿಲು ಹತ್ತಿರಲಿಲ್ಲ. ಅಲ್ಲಿ ಜನ ಕೆಮ್ಮುತ್ತಾರೆ. ಕತ್ತಲಲ್ಲಿ ಕೆಮ್ಮಿದವರು ಯಾರೆಂದೂ ಗೊತ್ತಾಗುವುದಿಲ್ಲ. ಹೀಗಾಗಿ ಚಿತ್ರಮಂದಿರವನ್ನೇ ಕೆಮ್ಮಿಲ್ಲದೆ ಮನೆಗೆ ತರಿಸುವುದು ಎಂದಾಯಿತು.

ನಮ್ಮ ಮಗನಿಗೆ ಈಗಷ್ಟೇ ವರ್ಷ ದಾಟಿದೆ. ಮನೆಯಲ್ಲಿ ಎಲ್ಲರೂ ಅವನನ್ನು 'ಸಾಹೇಬ' ಎನ್ನುತ್ತೇವೆ. ಕರೆದರೆ ತಿರುಗುವುದಿಲ್ಲ, ಕೈಗೆ ಕೊಟ್ಟದ್ದನ್ನು ನೋಡದೆ ಪಕ್ಕಕ್ಕಿಡುತ್ತಾನೆ, ಮಧ್ಯಾಹ್ನವಾದರೆ ಕೂತಲ್ಲೇ ತೂಕಡಿಸುತ್ತಾನೆ. ಅಂಥ ಅಧಿಕಾರಿಯನ್ನು ನೀವೂ ಯಾವುದಾದರೂ ಕಚೇರಿಯಲ್ಲಿ ಕಂಡಿರುತ್ತೀರಿ. ಆ ಹೆಸರಿಟ್ಟವರು ನಮ್ಮತ್ತೆ. ಎಲ್ಲರೂ ನಗುನಗುತ್ತಾ ಒಪ್ಪಿಕೊಂಡ ಹೆಸರು.

ಹೋಮ್ ಥಿಯೇಟರ್ ಬಂದ ದಿನ ಹೊರಗೆ ಮೂರು ದಿನದ ಹಳೆಯ ಮೋಡ, ಒಳಗೆ ಹಗ್ಗದ ಮೇಲೆ ಒಣಗದ ಬಟ್ಟೆಗಳು. ಜೋಡಿಸಲು ಬಂದ ಟೆಕ್ನಿಷಿಯನ್ ತಾನು ತಂದ ತಂತಿಯಷ್ಟೇ ಸಣಕಲಾಗಿದ್ದ. ಸದ್ದು ಸುತ್ತಲೂ ಬರಬೇಕಾದರೆ ಕೂರುವವರು ನಟ್ಟನಡುವೆ ಇರಬೇಕಂತೆ. ಸೋಫಾವನ್ನು ಗೋಡೆ ಬಿಡಿಸಿ ಹಾಲಿನ ಮಧ್ಯಕ್ಕೆ ಎಳೆದ. ಅಂದಿನಿಂದ ನಾವು ಅಡುಗೆಮನೆಗೆ ಅಡ್ಡಡ್ಡ ನಡೆದುಕೊಂಡು ಹೋಗಬೇಕಾಯಿತು. ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಹಾಗಾಗಿ ಯಜಮಾನರಿಗೆ ಬೀರುವಿನ ಎಡಭಾಗದ ಅಂಗಿಗಳೇ ಗತಿಯಾದವು.

ಮುಂದೆ ಮೂರು, ಹಿಂದೆ ಎರಡು ಸ್ಪೀಕರುಗಳು ಗದ್ದುಗೆಯೇರಿದವು. ಸಾಹೇಬನನ್ನು ಮಡಿಲಲ್ಲಿಟ್ಟುಕೊಂಡು ನಾನು ನಡುವೆ ಕುಳಿತೆ.

"ಈಗ ಹೆಲಿಕಾಪ್ಟರ್ ಬರುತ್ತೆ ಮೇಡಂ," ಎಂದ ಟೆಕ್ನಿಷಿಯನ್. "ಹಿಂದೆ ಎಡಗಡೆಯಿಂದ ಬಂದು, ತಲೆ ಮೇಲೆ ಹಾದು, ಮುಂದೆ ಬಲಗಡೆಗೆ ಹೋಗುತ್ತೆ."

ಬಂತು. ಅತ್ತೆ ತಟ್ಟನೆ ಹಿಂದಕ್ಕೆ ತಿರುಗಿದರು. ಯಜಮಾನರು ತಲೆ ತಗ್ಗಿಸಿದರು. ನನ್ನ ಮಟ್ಟಿಗೆ ಮಾತ್ರ ಆ ಹೆಲಿಕಾಪ್ಟರ್ ಬಲಗಡೆಯ ಗೋಡೆಯೊಳಗಿಂದಲೇ ಹುಟ್ಟಿ ಬಲಗಡೆಗೇ ಹೋಗಿ ಸೇರಿಕೊಂಡಿತು.

"ಎಡಗಡೆ ಹಿಂದಿನದು ಸತ್ತಿದೆ," ಎಂದೆ.

"ಬರ್ತಾ ಇದೆ ಮೇಡಂ."

"ಎಲ್ಲಿ ಬರ್ತಾ ಇದೆ?"

"ತಿರುಗಿ ನೋಡಿ ಬೇಕಾದರೆ."

ತಿರುಗಿ ನೋಡಿದೆ. ಗುಡುಗುತ್ತಿತ್ತು. ಮುಂದಕ್ಕೆ ತಿರುಗಿದೆ. ಸುಮ್ಮನಾಯಿತು. ಮತ್ತೆ ತಿರುಗಿದೆ. ಮತ್ತೆ ಗುಡುಗು.

"ಇದು ನಾವು ನೋಡ್ತಾ ಇದ್ದರೆ ಮಾತ್ರ ಕೆಲಸ ಮಾಡುತ್ತೆ," ಎಂದೆ.

"ಅಂಥ ಮಾಡೆಲ್ ಇನ್ನೂ ಬಂದಿಲ್ಲ ಮೇಡಂ."

"ನಮ್ಮ ಆಫೀಸಿಗೆ ಆಗಲೇ ಬಂದಿದೆ," ಎಂದರು ಯಜಮಾನರು.

ನಾನು ನಗಲಿಲ್ಲ. ಟೆಕ್ನಿಷಿಯನ್ ತಂತಿ ಬದಲಿಸಿದ. ಎಡಗಡೆಯದು ಸತ್ತೇ ಇತ್ತು. ಎಡಗಡೆಯ ಪೆಟ್ಟಿಗೆಯನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟ. ಇಷ್ಟು ಹೊತ್ತು ಜೀವಂತವಾಗಿದ್ದ ಬಲಗಡೆಯ ಪೆಟ್ಟಿಗೆ ಎಡಕ್ಕೆ ಹೋದ ಕೂಡಲೇ ಪ್ರಾಣ ಬಿಟ್ಟಿತು! ಸತ್ತಿರುವುದು ಪೆಟ್ಟಿಗೆಯಲ್ಲ, ತಂತಿಯಲ್ಲ, ಆ ಮೂಲೆಯೇ ಎಂದು ನಾನು ತೀರ್ಪು ಕೊಟ್ಟೆ. ಅವನು ಬೇಸತ್ತು ಆ ಒಂದು ಸ್ಪೀಕರಿನ ಸದ್ದನ್ನು ಕೊನೆಯವರೆಗೂ ಏರಿಸಿದ. "ಈಗ ಸ್ವಲ್ಪ ಉಸಿರಾಡ್ತಾ ಇದೆ," ಎಂದೆ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು.

"ನನ್ನ ಮಂಚದ ಮೇಲೆ ಸರಿಯಾಗಿ ಯಾರೋ ಹೆಲಿಕಾಪ್ಟರ್ ಇಳಿಸ್ತಿದ್ದಾರಲ್ಲಮ್ಮ," ಎಂದರು.

"ಯಾವ ಕಡೆಯಿಂದ ಕೇಳಿಸ್ತು ಮೇಷ್ಟ್ರೇ?"

ಅವರು ಬೆರಳು ಚಾಚಿ ಆ ಸತ್ತ ಮೂಲೆಯನ್ನೇ ತೋರಿಸಿದರು. ಟೆಕ್ನಿಷಿಯನ್ ನನ್ನನ್ನೊಮ್ಮೆ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಮೇಷ್ಟ್ರ ಹಿಂದೆಯೇ ಮೆಟ್ಟಿಲಿಳಿದ.

"ಎಲ್ಲರಿಗೂ ಕೇಳಿಸ್ತಾ ಇದೆ ಕಣೇ," ಎಂದರು ಯಜಮಾನರು. "ನನಗೆ, ಅಮ್ಮನಿಗೆ, ಕೆಳಗಿನ ಮನೆಗೂ."

"ಸಾಹೇಬನಿಗೆ ಕೇಳಿಸಲಿಲ್ವಲ್ಲ. ಅವನು ತಿರುಗಲೇ ಇಲ್ಲ," ಎಂದೆ, ಹೊಸ ಸಾಕ್ಷಿ ಸಿಕ್ಕ ವಕೀಲೆಯ ಹುಮ್ಮಸ್ಸಿನಲ್ಲಿ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಯಜಮಾನರು ಮಗುವನ್ನು ನೋಡಿದರು. ಅತ್ತೆ ಮೆಲ್ಲನೆ ಎದ್ದು ಟಿ.ವಿ. ಆರಿಸಿದರು. ನನ್ನ ಮಡಿಲಿಂದಿಳಿದಿದ್ದ ಸಾಹೇಬ ಜಮಖಾನೆಯ ಮೇಲೆ ಕುಳಿತು ಒಂದು ಡಬ್ಬಿಗೆ ಇನ್ನೊಂದರ ಮುಚ್ಚಳ ಹಾಕಲು ಹೆಣಗುತ್ತಿದ್ದ.

ಆ ಗಳಿಗೆಯಿಂದ ಮನೆಯಲ್ಲಿ ಇಬ್ಬರು ಆರೋಪಿಗಳು. ಸ್ಪೀಕರ್ ಸತ್ತಿದ್ದರೆ ಮಗು ಸರಿಯಿದೆ. ಸ್ಪೀಕರ್ ಸರಿಯಿದ್ದರೆ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಒಂದು ಯಂತ್ರ ಸತ್ತಿರಲಿ ಎಂದು ಯಾವ ತಾಯಿಯೂ ನನ್ನಷ್ಟು ಹಂಬಲಿಸಿರಲಾರಳು. ಅಂಗಡಿಗೆ ಫೋನ್ ಮಾಡಿದೆ, ಮತ್ತೆ ಮಾಡಿದೆ, ಬಿಡದೆ ಮಾಡಿದೆ. ಕೊನೆಗೆ ನನ್ನ ಕಾಟ ತಾಳಲಾರದೆ ಅವರು ಹೊಸ ಸ್ಪೀಕರ್ ಕಳಿಸಿ ಹಳೆಯದನ್ನು ಒಯ್ದರು.

"ನೋಡಿದ್ರಾ," ಎಂದೆ ಯಜಮಾನರಿಗೆ. "ತಪ್ಪಿಲ್ಲದೆ ಯಾರಾದರೂ ಬದಲಿಸಿಕೊಡ್ತಾರಾ?"

ಹೊಸದೂ ಎಡಮೂಲೆಯಲ್ಲಿ ಕುಳಿತೊಡನೆ ಸತ್ತಿತು. ಮತ್ತೆ ಫೋನ್ ಮಾಡಿದರೆ ಮ್ಯಾನೇಜರ್ ನಿಧಾನವಾಗಿ ಹೇಳಿದ: "ಮೇಡಂ, ನಿಮ್ಮ ಹಳೇದನ್ನ ಇಲ್ಲಿ ಹಾಕಿ ನೋಡಿದ್ವಿ. ಅಂಗಡಿಯ ಗಾಜು ಅದುರ್ತಾ ಇದೆ."

ನಾನು ಹಾಲಿನ ಮಧ್ಯದ ಆ ಸೋಫಾದ ಮೇಲೆ ಕುಸಿದೆ. ಹಿಂದೆ ನಡೆದದ್ದೆಲ್ಲ ಒಂದೊಂದಾಗಿ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಅಡುಗೆಮನೆಯಲ್ಲಿ ತಟ್ಟೆ ಬಿದ್ದಾಗ ಅವನು ಬೆಚ್ಚಲಿಲ್ಲ. ಶಾಂತ ಸ್ವಭಾವ ಎಂದುಕೊಂಡಿದ್ದೆವು. ಕರೆಗಂಟೆ ಬಾರಿಸಿದರೂ ನಿದ್ದೆಯಿಂದ ಏಳುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅತ್ತೆ ಅಂದಿನಿಂದ ಅವನನ್ನು ಸಾಹೇಬ ಎನ್ನುವುದನ್ನು ಬಿಟ್ಟರು. ಬಿಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದರು ಯಜಮಾನರು. ಅಲ್ಲಿ ಹೋದರೆ ಗೊತ್ತಾಗಿಬಿಡುತ್ತದೆ. ಅದೇ ನನ್ನ ಭಯ. "ಮೊದಲು ಮನೆಯಲ್ಲೇ ಒಂದು ಪರೀಕ್ಷೆ," ಎಂದೆ.

ಪರೀಕ್ಷೆಯ ನಿಯಮಗಳನ್ನು ನಾನೇ ರಚಿಸಿದೆ. ಮಗು ಸೋಫಾದ ಮೇಲೆ ನನ್ನ ಪಕ್ಕದಲ್ಲಿ. ರಿಮೋಟು ಯಜಮಾನರ ಕೈಯಲ್ಲಿ, ಸದ್ದು ಎಡಗಡೆಯ ಹಿಂದಿನ ಸ್ಪೀಕರಿನಿಂದ ಮಾತ್ರ. ಅತ್ತೆ ಎದುರಿನ ಕುರ್ಚಿಯಲ್ಲಿ ಸಾಕ್ಷಿ. "ಸದ್ದು ಬಂದಾಗ ಯಾರೂ ತಿರುಗಬಾರದು. ಹುಬ್ಬು ಕೂಡ ಅಲ್ಲಾಡಬಾರದು. ನಮ್ಮನ್ನ ನೋಡಿ ಅವನು ತಿರುಗಿದರೆ ಅದು ಕಾಪಿ ಹೊಡೆದ ಹಾಗೆ," ಎಂದು ಆಜ್ಞಾಪಿಸಿದೆ.

"ಕಣ್ಣು ಮಿಟುಕಿಸಬಹುದಾ?" ಎಂದರು ಅತ್ತೆ.

"ಮೊದಲೇ ಮಿಟುಕಿಸಿಕೊಂಡುಬಿಡಿ."

ಯಜಮಾನರು ಗುಂಡಿ ಒತ್ತಿದರು. ಹೆಲಿಕಾಪ್ಟರ್ ಬಂತೆಂದು ಅವರ ಮುಖ ಹೇಳಿತು. ಮಗು ಮುಚ್ಚಳದಿಂದ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಕಲ್ಲಿನಂತೆ ಕುಳಿತಿದ್ದೆ. ಅವನು ಮತ್ತೆ ಮುಚ್ಚಳಕ್ಕೆ ಮರಳಿದ. ಇನ್ನೊಮ್ಮೆ ಒತ್ತಿದರು. ಮತ್ತೆ ನನ್ನ ಮುಖ, ಮತ್ತೆ ಮುಚ್ಚಳ. ಹಿಂದಕ್ಕೆ ಒಮ್ಮೆಯೂ ತಿರುಗಲಿಲ್ಲ. ಪ್ರತಿ ಸಲವೂ ನನ್ನ ಮುಖವನ್ನೇ ನೋಡುತ್ತಿದ್ದ. 'ಏನೋ ನಡೀತಿದೆ ಅಮ್ಮಾ, ನನಗ್ಯಾಕೆ ಗೊತ್ತಾಗ್ತಿಲ್ಲ?' ಎಂದು ಕೇಳುವಂತಿತ್ತು ಆ ನೋಟ.

ನಾನು ಎದ್ದು ಬಚ್ಚಲುಮನೆಗೆ ಹೋಗಿ, ಯಾರಿಗೂ ಕೇಳಿಸದಿರಲೆಂದು ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಗಿ ತೆರೆದೆ.

"ನೀರು ಪೋಲಾಗ್ತಿದೆ ಕಣಮ್ಮ," ಎಂದರು ನಮ್ಮತ್ತೆ, ಮೂಗು ಒರೆಸಿಕೊಳ್ಳುತ್ತಾ. "ಹೊರಗೆ ಬಂದೇ ಅಳು. ನಾವೂ ಅಳ್ತಾ ಇದ್ದೀವಿ."

ಮಾರನೆಯ ದಿನ ಆಸ್ಪತ್ರೆಯ ಶ್ರವಣ ಪರೀಕ್ಷೆಯ ಕೋಣೆ. ದಪ್ಪ ಬಾಗಿಲು, ಗೋಡೆಗೆಲ್ಲ ಸ್ಪಂಜು, ಎರಡು ಮೂಲೆಯಲ್ಲಿ ಎರಡು ಸ್ಪೀಕರ್. ಇಲ್ಲಿಯೂ ಅವೇ! ಪ್ರತಿ ಸ್ಪೀಕರಿನ ಪಕ್ಕ ಕಪ್ಪು ಗಾಜಿನ ಪೆಟ್ಟಿಗೆಯೊಳಗೆ ಒಂದೊಂದು ಬೊಂಬೆ ಕರಡಿ. ಮಗು ಸದ್ದು ಬಂದ ಕಡೆ ತಿರುಗಿದರೆ ಅಲ್ಲಿಯ ಕರಡಿಗೆ ದೀಪ ಹೊತ್ತಿ ಅದು ತಮಟೆ ಬಡಿಯುತ್ತದೆ. ಪರೀಕ್ಷೆ ಮಾಡುವ ತಜ್ಞೆ ಮಗುವನ್ನು ನನ್ನ ಮಡಿಲಲ್ಲಿ ಮುಂದಕ್ಕೆ ಮುಖ ಮಾಡಿ ಕೂರಿಸಿ, "ನೀವು ಸುಮ್ಮನಿದ್ದರೆ ಸಾಕು," ಎಂದು ಹೊರಗೆ ಹೋಗಿ ಕಿಟಕಿಯಾಚೆ ಕುಳಿತರು.

ಬಲಗಡೆ ಹಕ್ಕಿಯಂಥ ಸದ್ದು. ಮಗು ಬಲಕ್ಕೆ ತಿರುಗಿದ. ಕರಡಿ ಕುಣಿಯಿತು. ನನ್ನ ಎದೆಯೂ ಕುಣಿಯಿತು. ಮತ್ತೆ ಬಲಗಡೆ ಸದ್ದಾಯಿತು. ಅಯ್ಯೋ, ಈ ಸಲ ಎಡಕ್ಕೆ ತಿರುಗಿಬಿಟ್ಟ. ಆಮೇಲೆ ಸದ್ದೇ ಇಲ್ಲ. ಆಗಲೂ ಎಡಕ್ಕೆ ತಿರುಗಿದ. ಮತ್ತೆ ಮೌನ, ಮತ್ತೆ ಎಡಕ್ಕೆ. ಆದರೂ ಎಡಗಡೆಯ ಕರಡಿ ಕುಣಿಯುತ್ತಿತ್ತು. ಪಾಪ, ಮಗುವಿಗೆ ಬೇಸರವಾಗದಿರಲೆಂದು ಕುಣಿಸುತ್ತಿರಬೇಕು ಎಂದುಕೊಂಡು ಅವನ ನೆತ್ತಿಯ ಮೇಲೆ ಗಲ್ಲವಿಟ್ಟು ಕುಳಿತೆ. ಎಲ್ಲ ಮುಗಿದಿತ್ತು.

ತಜ್ಞೆ ನಗುತ್ತಾ ಒಳಗೆ ಬಂದರು. "ತುಂಬಾ ಚೆನ್ನಾಗಿ ಕೇಳಿಸುತ್ತೆ ನಿಮ್ಮ ಮಗನಿಗೆ. ಒಂದೂ ತಪ್ಪಿಲ್ಲ."

"ಸುಳ್ಳು ಸಮಾಧಾನ ಬೇಡ ಡಾಕ್ಟ್ರೇ," ಎಂದೆ. "ಎಡಗಡೆ ಸದ್ದೇ ಇಲ್ಲದೆ ತಿರುಗ್ತಾ ಇದ್ದ. ನಾನೇ ನೋಡಿದೆ."

ಅವರ ನಗು ಸ್ವಲ್ಪ ಕರಗಿತು. ನನ್ನ ಮುಖವನ್ನೇ ನೋಡಿದರು. "ಸದ್ದು ಬಂತಲ್ಲಮ್ಮ," ಎಂದರು.

ಮಗುವನ್ನು ಯಜಮಾನರ ಕೈಗೆ ಕೊಡಿಸಿ, ನನ್ನ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು. ಬಲಗಿವಿಯ ಸರದಿಯಲ್ಲಿ ಟಿಕ್ ಟಿಕ್ ಎಂದು ಒತ್ತಿದೆ. ಶಾಲೆಯಲ್ಲೂ ನಾನು ಎಲ್ಲರಿಗಿಂತ ಮೊದಲು ಕೈಯೆತ್ತುವವಳು. ಆಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

"ಎಡಗಿವಿಯದು ಯಾವಾಗ ಶುರು ಮಾಡ್ತೀರಿ?" ಎಂದೆ.

"ಮುಗೀತು," ಎಂದರು.

ಹೆರಿಗೆಯ ನಂತರ ಕೆಲವರಿಗೆ ಹೀಗಾಗುವುದುಂಟಂತೆ. ನಿಧಾನವಾಗಿ ಆಗುವುದರಿಂದ ಗೊತ್ತೇ ಆಗುವುದಿಲ್ಲವಂತೆ. "ಕಿವಿಯ ಡಾಕ್ಟರನ್ನು ನೋಡಿ, ಇದಕ್ಕೆ ದಾರಿ ಇದೆ," ಎಂದರು ತಜ್ಞೆ. ನನ್ನ ತಲೆಯಲ್ಲಿ ಇನ್ನೂ ಒಂದೇ ಪ್ರಶ್ನೆ.

"ಹಾಗಾದರೆ ಮನೆಯಲ್ಲಿ ಇವನು ಯಾಕೆ ತಿರುಗಲ್ಲ?"

"ಸದ್ದಾದರೆ ಏನು ಮಾಡ್ತಾನೆ?"

"ನನ್ನ ಮುಖ ನೋಡ್ತಾನೆ."

"ನೀವೇನು ಮಾಡ್ತೀರಿ?"

"ನನಗೆ ಕೇಳಿಸಿರಲ್ಲವಲ್ಲ. ಸುಮ್ಮನಿರ್ತೀನಿ."

"ಅಷ್ಟೇ ಮತ್ತೆ. ಅಮ್ಮ ಹೆದರಿಲ್ಲ ಅಂದರೆ ಹೆದರೋ ಅಂಥದ್ದೇನೂ ಇಲ್ಲ ಅಂತ ಅವನಿಗೆ ಧೈರ್ಯ. ಆಟ ಮುಂದುವರಿಸ್ತಾನೆ."

ಕೆಮ್ಮಿಗೆ, ತಾರೀಖಿಗೆ, ಸ್ಕ್ರೂವಿಗೆ, ಮೋಡಕ್ಕೆ ಹೆದರಿಕೊಂಡು ಬದುಕುವವಳು ನಾನು. ಈ ಭೂಮಿಯ ಮೇಲೆ ನನ್ನನ್ನು ವೀರಮಾತೆ ಎಂದು ನಂಬಿದ್ದವನು ಒಬ್ಬನೇ ಒಬ್ಬ. ಆ ನಂಬಿಕೆಯೂ ನನ್ನ ಕಿವಿ ಕೆಟ್ಟಿದ್ದರಿಂದ ಬಂದದ್ದು!

ಮನೆಗೆ ಬಸ್ಸಿನಲ್ಲಿ ಹೊರಟೆವು. ನಾನು ಬಲಗಡೆ ಕಿಟಕಿಯ ಪಕ್ಕ, ಎಡಕ್ಕೆ ಮಗುವನ್ನೆತ್ತಿಕೊಂಡ ಯಜಮಾನರು. ಒದ್ದೆ ರಸ್ತೆ ನೋಡುತ್ತಾ ಕುಳಿತಿದ್ದವಳಿಗೆ ಕಿಟಕಿಯ ಗಾಜಿನಲ್ಲಿ ಅವರ ತುಟಿ ಅಲ್ಲಾಡಿದ್ದು ಕಂಡಿತು.

"ಏನಂದ್ರಿ?" ಎಂದೆ.

ಅವರು ಮಗುವನ್ನು ನನಗೆ ಕೊಟ್ಟು ಎದ್ದರು. ನನ್ನನ್ನು ಈಚೆಗೆ ಸರಿಸಿ, ಕಿಟಕಿಯ ಕಡೆಗೆ ತೂರಿಕೊಂಡು ನನ್ನ ಬಲಗಡೆ ಕುಳಿತರು.

"ಸಾರಿ ಅಂದೆ," ಎಂದರು.

"ಯಾಕೆ?"

"ಅದು ನನಗೂ ಗೊತ್ತಿಲ್ಲ," ಎಂದರು. "ಮಗು ಎದ್ದುಬಿಡುತ್ತೆ ಅಂತ ದಿನಾ ನಿನ್ನ ಎಡಗಡೆ ಮಲಗಿಕೊಂಡು ಮೆಲ್ಲಗೆ ಮಾತಾಡಿಸ್ತಿದ್ದೆ. ನೀನು ಉತ್ತರಾನೇ ಕೊಡ್ತಿರಲಿಲ್ಲ. ನಾನೇನು ತಪ್ಪು ಮಾಡಿದೆ ಹೇಳು ಅಂದೆ, ಹೇಳಲಿಲ್ಲ. ಸಾರಿ ಅಂದೆ, ಅದಕ್ಕೂ ಇಲ್ಲ. ಒಂದು ವರ್ಷ ಕಾದೆ. ಇದು ಬಾಯಿಮಾತಲ್ಲಿ ಮುಗಿಯೋ ತಪ್ಪಲ್ಲ ಅಂತ ಗೊತ್ತಾದ ಮೇಲೇನೇ ಹೋಮ್ ಥಿಯೇಟರ್ ತಗೊಳ್ಳೋಣವಾ ಅಂದಿದ್ದು."