ಸುಗರಾಳ ನಿಂಬೆಪಾಕ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಶಿವಬಸವ್ವನ ತೋಳಿನ ಮೇಲಿದ್ದ ನಾಲ್ಕು ಕೂದಲು. ಏಳು ತಿಂಗಳ ಬಸುರಿ, ನಾಳೆಯೇ ಕುಬಸ, ಸೀಮಂತದ ಕಾರ್ಯ. ಹಸಿರು ಬಳೆ ತೊಡುವ ಕೈ ನುಣ್ಣಗಿರಬೇಕೆಂದು ಹಟ ಹಿಡಿದಿದ್ದಳು.

ಎಂಬತ್ತನಾಲ್ಕನೇ ಇಸವಿಯ ಇಳಕಲ್ಲಿನಲ್ಲಿ ಪಾಕ ಹಚ್ಚಿ ಕೂದಲು ಕೀಳುವ ವಿದ್ಯೆ ಬಲ್ಲವಳು ಸುಗರಾ ಒಬ್ಬಳೇ. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದು, ಮನೆಯ ಮುಂದಿನ ಕೋಣೆಗೆ ‘ಲೇಡೀಸ್ ಬ್ಯೂಟಿ ಪಾರ್ಲರ್’ ಎಂದು ಬೋರ್ಡು ಹಾಕಿದ್ದಳು. ಎರಡು ತಿಂಗಳಲ್ಲಿ ಒಳಗೆ ಕಾಲಿಟ್ಟದ್ದು ಪಕ್ಕದ ಮನೆಯ ಕೋಳಿ ಮಾತ್ರ.

ಸೀರೆ ವ್ಯಾಪಾರಿ ಕಾಶಪ್ಪನವರ ಹೆಂಡತಿ ಸಿದ್ದಲಿಂಗವ್ವ ಸೊಸೆ ಶಿವಬಸವ್ವನನ್ನು ತಂದು ಕೂರಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದಳು. “ನೋಡವಾ ಸುಗರಾ, ಕೈ ಚಂದ ಆದ್ವು ಅಂದ್ರ ನಮ್ಮ ಬೀಗರ ಹೆಣ್ಮಕ್ಕಳನ್ನೆಲ್ಲಾ ನಿನ್ನ ಹಂತ್ಯಾಕನ ಕಳಸ್ತೇನಿ. ಬಸರಿಗೆ ಏನರ ಆತೋ, ನಿನ್ನ ಬೋರ್ಡು ನಮ್ಮ ಒಲ್ಯಾಗ!”

ಹೀಗೆಂದು ಆಕೆ ಗುಡಿಗೆ ಹೋದಳು.

ಸುಗರಾ ಹುಷಾರಿನ ಹೆಂಗಸು. ಹಿಂದಿನ ದಿನವೇ ಶಿವಬಸವ್ವನ ಮುಂಗೈಗೆ ಒಂದು ಬೊಟ್ಟು ಪಾಕ ಹಚ್ಚಿ ಕಿತ್ತು ನೋಡಿದ್ದಳು, ಕೆಂಪಾಗಿರಲಿಲ್ಲ. ಸಕ್ಕರೆ, ನಿಂಬೆರಸ ಕುದಿಸಿ ಮಾಡಿದ ಪಾಕವನ್ನು ಈಗ ಉಗುರುಬೆಚ್ಚಗಾಗಲು ಇಟ್ಟಿದ್ದಳು. ಅಷ್ಟರಲ್ಲಿ ಕರೆಯದೆ ಬಂದವಳು ಪಕ್ಕದ ಮನೆಯ ಬೋರವ್ವ.

“ಯವ್ವಾ, ಬಸರಿ ಕೂದಲಾ ಕಿತ್ರ ಕೂಸು ಬೋಳ ಹುಟ್ಟತೈತಿ!”

“ಹಂಗಾರ ನಿನ್ನ ಗಂಡ ಮಲಕಪ್ಪಣ್ಣ ಬೋಳ ಆಗ್ಯಾನಲ್ಲ, ಯಾರ ಕೂದಲಾ ಕಿತ್ತಿದ್ದಿ?” ಎಂದಳು ಸುಗರಾ.

ಬೋರವ್ವ ಪಾಕದ ಪಾತೇಲಿಯ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಶಿವಬಸವ್ವ ಕುಪ್ಪಸದ ತೋಳು ಮೇಲೇರಿಸಿದಾಗ ಸುಗರಾ ಬಗ್ಗಿ ನೋಡಿದಳು. ಅಲ್ಲೊಂದು ಗುಲಾಬಿ ಬಣ್ಣದ ಸುಟ್ಟ ಕಲೆ.

“ರೊಟ್ಟಿ ಹಂಚು ತಾಗಿತ್ತರಿ. ಹದಿನೈದು ದಿನ ಆತು.”

“ಹಸೀ ಗಾಯದ ಮ್ಯಾಲೆ ಹಚ್ಚಬಾರದವಾ. ದವಾಖಾನಿ ನರ್ಸಬಾಯಿನ್ನ ಒಂದ ಮಾತು ಕೇಳಿ ಬರ್ತೇನಿ. ಬೋರವ್ವಾ, ಪಾಕಾ ಕಾಯಿ, ಯಾರೂ ಮುಟ್ಟಬಾರದು!”

ದವಾಖಾನೆಯಲ್ಲಿ ಸಂತೆಯಷ್ಟು ಜನ. ತಾಸು ಕಾದ ಮೇಲೆ ನರ್ಸಬಾಯಿ ಹೇಳಿದಳು: “ಸುಟ್ಟ ಜಾಗಾ ಬಿಟ್ಟು, ಒರಗಿಸಿ ಕುಂಡ್ರಿಸಿ ಮಾಡು. ಹೊಟ್ಟಿ ಹತ್ರ ಮಾತ್ರ ಒಯ್ಯಬ್ಯಾಡ.”

ಸುಗರಾ ಓಡುತ್ತ ಬಂದಳು. ಪಾತೇಲಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಶಿವಬಸವ್ವ ಪಾಕ ಹಚ್ಚುವ ಕಟ್ಟಿಗೆಯ ಪಟ್ಟಿಯನ್ನು ಕಣ್ಣು ಮುಚ್ಚಿ ನೆಕ್ಕುತ್ತಿದ್ದಳು.

“ಯಾ ಅಲ್ಲಾ! ಪಾಕಾ ಎಲ್ಲೆ?”

“ಬಸರಿ ಬಯಕಿ ತಡೀಬಾರದು ಅಂತ ನಾನ ಕೊಟ್ಟೆ,” ಎಂದಳು ಬೋರವ್ವ. “ರುಚಿ ನೋಡಾಕ ನಾನೂ ಒಂದೀಟ ನೆಕ್ಕೇನಿ. ಛಲೋ ಆಗೇತಿ.”

ಹೊಟ್ಟೆಯ ಹತ್ತಿರ ಒಯ್ಯಬಾರದ ಪಾಕ ಹೊಟ್ಟೆಯೊಳಗೇ ಹೋಗಿ ಕೂತಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಸಿದ್ದಲಿಂಗವ್ವ! ಒಲೆಯಲ್ಲಿ ಉರಿಯುವ ಬೋರ್ಡು ಸುಗರಾಳ ಕಣ್ಣಿಗೆ ಕಟ್ಟಿತು.

“ಬರೇ ಸಕ್ಕರಿ, ನಿಂಬಿಹಣ್ಣರೀ! ಅಲ್ಲಾನ ಆಣಿ!”

ಸಿದ್ದಲಿಂಗವ್ವ ಪಾತೇಲಿ ನೋಡಿದಳು, ಸೊಸೆಯನ್ನು ನೋಡಿದಳು. “ಪೂರಾ ತಿಂದಿ?”

“ಹೂಂನ್ರಿ ಅತ್ತಿ.”

“ವಾಂತಿ?”

“ಇಲ್ಲರಿ.”

ಸಿದ್ದಲಿಂಗವ್ವ ಕುಸಿದು ಕೂತಳು, ಕಣ್ಣು ತುಂಬಿದವು. “ಏಳ ತಿಂಗಳ ಆತು, ತಿಂದದ್ದು ಒಂದೂ ನಿಂತಿಲ್ಲ ಈಕಿ ಹೊಟ್ಟ್ಯಾಗ. ನಿನ್ನ ಕೈಗುಣ ಭಾಳ ದೊಡ್ಡದವಾ ಸುಗರಾ! ಸಕ್ಕರಿ ಕಳಸ್ತೇನಿ, ನಾಳೆ ಕುಬಸಕ್ಕ ದೊಡ್ಡ ಪಾತೇಲಿ ಮಾಡು.”

ಕುಬಸದಲ್ಲಿ ತೋಳಿನ ಕೂದಲು ಇದ್ದಲ್ಲೇ ಇದ್ದವು. ಹಸಿರು ಬಳೆಗಳ ನಡುವೆ ಅವನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಬೆಳ್ಳಿ ಬಟ್ಟಲಲ್ಲಿದ್ದ ಪಾಕದ ಮೇಲೆ. ಸಿದ್ದಲಿಂಗವ್ವ ಬೀಗರಿಗೆಲ್ಲ ಸುಗರಾಳ ಪಾರ್ಲರಿನ ವಿಳಾಸ ಹೇಳಿಯೇ ಹೇಳಿದಳು.

ಮರುದಿನ ಬೆಳಿಗ್ಗೆ ಕಮತಗಿಯ ಬಸ್ಸಿಳಿದು ಮೂವರು ಬಸುರಿಯರು ಬಾಗಿಲಿಗೆ ಬಂದರು. ಸುಗರಾಳಿಗೆ ಸ್ವರ್ಗ ಮೂರೇ ಗೇಣು. ಮೂವರನ್ನೂ ದಿಂಬಿಗೆ ಒರಗಿಸಿ ಕೂರಿಸಿ, ಹೊಸ ಅರಿವೆ ಪಟ್ಟಿ ಹರಿದಿಟ್ಟುಕೊಂಡು, ಕಲಿತ ನಿಯಮದಂತೆ ಮೊದಲು ಕೇಳಿದಳು: “ತೋಳಿನ ಮ್ಯಾಲೆ ಎಲ್ಲ್ಯರ ಸುಟ್ಟ ಗಾಯ ಅದಾವೇನ್ರಿ?”

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯಳು ಸೆರಗಿನ ಗಂಟು ಬಿಚ್ಚಿದಳು.

“ತೋಳಿನ ಸುದ್ದಿ ಯಾಕಬೇ? ಚಮಚಾ ನಾವ ತಂದೇವಿ.”