ಕಾಫಿ ತುಂಬಿಸಿ ಕೊಟ್ಟ ಅಪರಾಧ

ಪರದೇಶಕ್ಕೆ ಹೊರಟವರಿಗೆ ಉಪದೇಶ ಮಾಡುವವರಲ್ಲಿ ಎರಡು ಪಂಗಡ. ಅಲ್ಲಿಗೆ ಹೋಗಿ ಬಂದವರು ಒಂದು, ಎಂದೂ ಹೋಗದೆ ಎಲ್ಲವನ್ನೂ ತಿಳಿದವರು ಇನ್ನೊಂದು. ನಾನು ಶಿರ್ವದಿಂದ ಸೌದಿಗೆ ಹೊರಟಾಗ ಎರಡನೆಯವರದೇ ಬಹುಮತ. ಗಂಡಸರ ಮುಖ ನೋಡಿ ನಗಬೇಡ ಎಂದರು. ನಗದೆಯೂ ಇರಬೇಡ, ಸೊಕ್ಕು ಅಂದುಕೊಳ್ಳುತ್ತಾರೆ ಎಂದೂ ಅವರೇ ಹೇಳಿದರು. ನನ್ನ ಗಂಡ ವಿಲ್ಫಿಯಂತೂ ಅಬಾಯಾ ಎಂಬ ಕಪ್ಪು ನಿಲುವಂಗಿಯ ಉದ್ದದ ಬಗ್ಗೆಯೇ ಹನ್ನೊಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಇಷ್ಟಾಗಿಯೂ ಮೊದಲ ದಿನವೇ ನಾನು ಮಾಡಬಾರದ್ದನ್ನು ಮಾಡಿದೆ. ಅದೂ ಬೀದಿಯಲ್ಲಲ್ಲ, ಮನೆಯೊಳಗೆ ಕುಳಿತು, ತುಂಬು ಪ್ರೀತಿಯಿಂದ.

ವಿಲ್ಫಿ ಉನೈಜಾದ ಒಂದು ಖರ್ಜೂರದ ಗೋದಾಮಿನಲ್ಲಿ ಸೂಪರ್‌ವೈಸರ್. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಒಂದೇ ಸೂರಿನಡಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ಆಗಲಿಕ್ಕಿಲ್ಲ. ನಾಲ್ಕು ಗಂಡಸರ ಜೊತೆ ಒಂದು ರೂಮಿನಲ್ಲಿದ್ದ ಅವರು ಹದಿನಾಲ್ಕು ತಿಂಗಳು ಹುಡುಕಿದ ಮೇಲೆ ಈ ಮಹಡಿ ಮನೆ ಸಿಕ್ಕಿತ್ತು. ಕೆಳಗೆ ಮಾಲಿಕರ ಸಂಸಾರ, ಮೇಲೆ ನಾವು. ಬೀಗದ ಕೈ ಕೊಟ್ಟಿದ್ದರೂ ಮಾಲಿಕರದು ಒಂದೇ ಷರತ್ತು: ಅವರ ಹೆಂಡತಿ ಬಂದು ನನ್ನನ್ನು ನೋಡಬೇಕು, ಆಕೆ ಒಪ್ಪಿದರೆ ಮಾತ್ರ ಕರಾರಿಗೆ ಸಹಿ. ಹೀಗೆ ನನ್ನ ಜೀವನದಲ್ಲಿ ಹೆಣ್ಣು ನೋಡುವ ಶಾಸ್ತ್ರ ಎರಡನೇ ಬಾರಿ ಬಂತು. ಮೊದಲನೇ ಸಲ ಪಾಸಾದ ಫಲವನ್ನು ಅನುಭವಿಸುತ್ತಲೇ ಇದ್ದೇನಲ್ಲ, ಇದೂ ಆಗಲಿ ಎಂದುಕೊಂಡೆ.

"ಅವರು ಬಂದ್ರೆ ಚೆಂದ ಮಾಡಿ ಮಾತಾಡು ಮಾರಾಯ್ತಿ. ಹೆಚ್ಚು ಎಂತದೂ ಮಾಡ್ಬೇಡ," ಎಂದು ಹೇಳಿ ವಿಲ್ಫಿ ಬೆಳಿಗ್ಗೆ ಕೆಲಸಕ್ಕೆ ಹೋದರು. ಹೆಚ್ಚು ಮಾಡದಿರುವುದು ನಮ್ಮ ಮನೆತನದಲ್ಲೇ ಇಲ್ಲ. ಅಮ್ಮನ ಮನೆಗೆ ಕರೆಂಟ್ ಬಿಲ್ ಕೊಡಲು ಬಂದವರೂ ಊಟ ಮಾಡದೆ ಹೊರಟ ದಾಖಲೆಯಿಲ್ಲ.

ಹತ್ತು ಗಂಟೆಗೆ ಮಾಲಿಕರ ಹೆಂಡತಿ ಉಮ್ ಸಾಲಿಹ್, ಅಂದರೆ ಸಾಲಿಹನ ಅಮ್ಮ, ಬಂದರು. ಜೊತೆಗೆ ಕಾಲೇಜಿಗೆ ಹೋಗುವ ಮಗಳು ನೂರಾ. ಅಮ್ಮನದು ಅರಬ್ಬಿ, ನನ್ನದು ಶಾಲೆಯಲ್ಲಿ ಕಲಿತ ಇಂಗ್ಲಿಷ್, ನಡುವೆ ಬಡಪಾಯಿ ನೂರಾ. ಅತಿಥಿಗಳೇ ಕಾಫಿ ತಂದಿದ್ದರು! ಉದ್ದ ಮೂತಿಯ ಹಿತ್ತಾಳೆ ಹೂಜಿ, ಒಂದು ತಟ್ಟೆ ಖರ್ಜೂರ, ಹಿಡಿಯಿಲ್ಲದ ಪುಟ್ಟ ಪುಟ್ಟ ಬಟ್ಟಲುಗಳು. ಉಮ್ ಸಾಲಿಹ್ ನನಗೆ ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರ ಸುರಿದುಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣವೂ ಇಲ್ಲ, ಏಲಕ್ಕಿ ಮಾತ್ರ ಧಾರಾಳ. ನಮ್ಮಲ್ಲಿ ಕೆಮ್ಮಿಗೆ ಕೊಡುವ ಕಷಾಯ ಇದಕ್ಕಿಂತ ಹೆಚ್ಚಿರುತ್ತದೆ. ಒಂದೇ ಗುಟುಕಿಗೆ ಮುಗಿಯಿತು. ಮತ್ತೆ ಅಷ್ಟೇ ಹಾಕಿದರು. ಮತ್ತೆ ಮುಗಿಯಿತು, ಮತ್ತೆ ಅಷ್ಟೇ. ಇಷ್ಟು ದೊಡ್ಡ ಮನೆಯ ಒಡತಿಗೆ ಇಷ್ಟು ಸಣ್ಣ ಕೈಯೇ ಎಂದು ಮರುಕವಾಯಿತು.

ನನ್ನ ಮನೆಯಲ್ಲಿ ಬಂದವರು ನನಗೆ ಬಡಿಸುವುದು ಎಂದರೇನು? ಹೂಜಿಯನ್ನು ಹೆಚ್ಚುಕಡಿಮೆ ಕಿತ್ತುಕೊಂಡೆ. ಉಮ್ ಸಾಲಿಹ್ ಅವರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದೆ. ಪ್ರೀತಿ ಸಾಲದೆಂದು ಇನ್ನಷ್ಟು ಸುರಿದೆ, ಸ್ವಲ್ಪ ತಟ್ಟೆಗೂ ಚೆಲ್ಲಿತು. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹಲ್ಲು ಕಿರಿದೆ. ನೂರಾ ಕಿಟಕಿಯ ಕಡೆ ತಿರುಗಿದಳು. ಉಮ್ ಸಾಲಿಹ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಮಗಳಿಗೆ "ಯಲ್ಲಾ" ಎಂದು ಎದ್ದು ಹೊರಟೇಬಿಟ್ಟರು. ಹೂಜಿಯನ್ನೂ ತೆಗೆದುಕೊಂಡು ಹೋಗಲಿಲ್ಲ. ಎಷ್ಟು ಉದಾರಿ, ಉಡುಗೊರೆ ಕೊಟ್ಟು ಹೋದರು ಎಂದುಕೊಂಡು ಅದನ್ನು ತೊಳೆದು ಶೋಕೇಸಿನಲ್ಲಿಟ್ಟೆ.

ನಾಲ್ಕು ಗಂಟೆಗೆ ಬಂದ ವಿಲ್ಫಿಗೆ ಎಲ್ಲವನ್ನೂ ಹೆಮ್ಮೆಯಿಂದ ವರದಿ ಮಾಡಿದೆ. ಅವರು ಬೂಟು ಬಿಚ್ಚುವುದನ್ನು ನಿಲ್ಲಿಸಿದರು.

"ಎಷ್ಟು ಹಾಕಿದಿ?"

"ಭರ್ತಿ ಹಾಕಿದೆ. ನಾನೆಂತ ಕಂಜೂಸಾ?"

"ಹೋಯ್ತು! ಮನೆ ಹೋಯ್ತು! ಇಲ್ಲಿ ಸ್ವಲ್ಪ ಸ್ವಲ್ಪ ಹಾಕಿದ್ರೆ ಇನ್ನೂ ಕೂತ್ಕೊಳ್ಳಿ ಅಂತ. ತುಂಬಿಸಿ ಕೊಟ್ರೆ ಕುಡಿದು ಹೊರಡಿ ಅಂತ ಅರ್ಥ ಮಾರಾಯ್ತಿ!"

"ಅದನ್ನು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು? ಹನ್ನೊಂದು ಮೆಸೇಜಲ್ಲಿ ಒಂದು ಕಾಫಿಗೆ ಇಡ್ಲಿಕ್ಕೆ ಆಗ್ಲಿಲ್ವಾ?"

ಜಗಳವೇನೋ ಗೆದ್ದೆ. ಆದರೆ ಮನೆ ಹೋದರೆ ವಿಲ್ಫಿ ಮತ್ತೆ ಆ ರೂಮಿಗೆ, ನಾನು ಮತ್ತೆ ಶಿರ್ವಕ್ಕೆ, ಸಂಸಾರ ಮತ್ತೆ ಮೊಬೈಲಿನೊಳಕ್ಕೆ. ಸೂಟ್‌ಕೇಸಿನ ಅರ್ಧ ಬಟ್ಟೆಯನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ. ಅದನ್ನು ನೋಡಿ ನಿಜವಾಗಿಯೂ ಅಳು ಬಂತು.

ಸಂಜೆ ಹೂಜಿ ಹಿಂತಿರುಗಿಸುವ ನೆಪದಲ್ಲಿ ಕೆಳಗೆ ಹೋದೆವು. ವಿಲ್ಫಿಯನ್ನು ಗಂಡಸರ ಕೋಣೆಯಲ್ಲಿ ಕೂರಿಸಿದರು, ನನ್ನನ್ನು ಒಳಗೆ ಕರೆದರು. ನಾನು ನೂರಾಳ ಕೈ ಹಿಡಿದು, "ನಮ್ಮೂರಲ್ಲಿ ಲೋಟ ತುಂಬಿಸದಿದ್ದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ, ನಿನ್ನ ಅಮ್ಮನಿಗೆ ಹೇಳು," ಎಂದೆ. ಅವಳು ಹೇಳಿದಳು. ಉಮ್ ಸಾಲಿಹ್ ನಕ್ಕ ನಗುವಿಗೆ ತಲೆಯ ಮೇಲಿನ ಬಟ್ಟೆ ಜಾರಿತು. ಮನೆ ನಿಮ್ಮದೇ, ನಾಳೆಯೇ ಸಹಿ ಎಂದು ಮಗಳಿಂದ ಹೇಳಿಸಿದರು.

ಜೀವ ಬಂದ ಸಂತೋಷಕ್ಕೆ ನನ್ನ ಬಾಯಿ ತೆರೆಯಿತು. ನನ್ನ ತಂಗಿಯ ಮದುವೆ, ಅಮ್ಮನ ಮಂಡಿನೋವು, ವಿಮಾನದಲ್ಲಿ ಪಕ್ಕ ಕೂತವನ ಗೊರಕೆ, ಎಲ್ಲವೂ ಅರಬ್ಬಿಗೆ ಅನುವಾದವಾದವು. ಒಂದು ಗಂಟೆಯಾಗುವಾಗ ನೂರಾ ನನ್ನ ನಾಲ್ಕು ವಾಕ್ಯಗಳನ್ನು ಒಂದೇ ಪದದಲ್ಲಿ ಮುಗಿಸುತ್ತಿದ್ದಳು. ಅದುವರೆಗೆ ತಳ ಮುಚ್ಚುವಷ್ಟೇ ಕಾಫಿ ಹಾಕುತ್ತಿದ್ದ ಉಮ್ ಸಾಲಿಹ್ ಆಗ ಹೂಜಿ ಎತ್ತಿ, ಮುಗುಳ್ನಗುತ್ತ, ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದರು. ನಮ್ಮೂರಿನ ಪದ್ಧತಿಗೆ ಎಷ್ಟು ಗೌರವ ಎಂದು ನನ್ನ ಕಣ್ಣು ಒದ್ದೆಯಾಯಿತು. ಕಾಲು ಮಡಿಸಿಕೊಂಡು ಇನ್ನಷ್ಟು ಆರಾಮಾಗಿ ಕೂತು, ತಂಗಿಯ ಬಾಣಂತನದ ಕಥೆ ಎತ್ತಿಕೊಂಡೆ. ಎದ್ದದ್ದು ಇನ್ನೊಂದು ಗಂಟೆಯ ಮೇಲೆ.

ಮೆಟ್ಟಿಲು ಹತ್ತುವಾಗ ಇದನ್ನು ಹೇಳಿದೆ. ವಿಲ್ಫಿ ನಾಲ್ಕನೇ ಮೆಟ್ಟಿಲಿನಲ್ಲಿ ನಿಂತು ನನ್ನ ಮುಖವನ್ನೇ ನೋಡಿದರು. ಆಗಲೇ ನನಗೂ ಹೊಳೆದದ್ದು.

ಆ ಬಟ್ಟಲಲ್ಲಿ ಇದ್ದದ್ದು ನಮ್ಮೂರಿನ ಪ್ರೀತಿಯೋ, ಅವರೂರಿನ "ಇನ್ನು ಹೊರಡಮ್ಮಾ"ವೋ? ಮೂರು ವರ್ಷವಾಯಿತು, ಇನ್ನೂ ಗೊತ್ತಿಲ್ಲ. ನೂರಾಳನ್ನು ಕೇಳಬಹುದು. ಆದರೆ ಒಳ್ಳೆಯ ಹುಡುಗಿ ಅವಳು, ನಿಜ ಹೇಳಿಬಿಡುತ್ತಾಳೆ.