ಕಾಫಿ ಮುಟ್ಟದ ಅತಿಥಿ

ಯುದ್ಧದ ಎರಡನೆಯ ಚಳಿಗಾಲದಲ್ಲಿ ರಕ್ಷಣಾ ಇಲಾಖೆಯು ಸೈನಿಕರ ಮೇಲಿನ ವೆಚ್ಚಕ್ಕೂ ತಂತ್ರಜ್ಞಾನದ ಮೇಲಿನ ವೆಚ್ಚಕ್ಕೂ ನಡುವೆ ಸಮತೋಲನ ಸಾಧಿಸಿತು. ಬೂಟುಗಳ ಅನುದಾನವನ್ನು ಪೂರ್ತಿ ತೆಗೆದು ಕಾವಲು ಯಂತ್ರಗಳಿಗೆ ಕೊಡಲಾಯಿತು. ಮುಂದಿನ ಕಾಲದ ಯುದ್ಧದಲ್ಲಿ ಯಾರೂ ನಡೆಯುವ ಪ್ರಮೇಯವಿಲ್ಲವಾದ್ದರಿಂದ ಬೂಟು ಹಳೆಯ ಕಾಲದ ವಸ್ತುವೆಂದು ಸುತ್ತೋಲೆ ಸಾರಿತು. ಅದನ್ನು ಬರೆದ ಮಹನೀಯರ ಕಾಲಡಿ ದಪ್ಪನೆಯ ಜಮಖಾನೆಯಿತ್ತು.

ಸುತ್ತೋಲೆ ಗುಡ್ಡದ ಮೇಲಿನ ಹೊರಠಾಣೆಗೆ ತಲುಪಿದಾಗ ಸಾರ್ಜೆಂಟ್ ದೈಫಲ್ಲಾ, ಸಿಪಾಯಿ ಮುತ್ಲಕನ ಬೂಟಿಗೆ ತಂತಿ ಸುತ್ತುತ್ತ ಕೂತಿದ್ದ. ಅದರ ಅಟ್ಟೆ ಬಾಯಿಬಿಟ್ಟಿತ್ತು. ಒಳಗಿನ ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಇನ್ನೊಮ್ಮೆ ಹಿಮ ಬಿದ್ದರೆ ಬೆರಳಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿಹೋಗಿದ್ದರು. ದೈಫಲ್ಲಾ ಬೂಟಿಗಾಗಿ ಬರೆದ ಅರ್ಜಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿತ್ತು.

ಬೂಟಿನ ಬದಲು ಬಂದದ್ದು ಯಂತ್ರ. ನಾಲ್ಕು ಚಕ್ರ, ಒಂದು ಕಣ್ಣು. ಜೊತೆಗೆ ಕರ್ನಲ್ ನವ್ವಾಫ್ ಪಾಷಾ ಬಂದಿದ್ದರು. ಬಾಗಿಲಿಗೆ ಬಂದವನು ಕಬ್ಬಿಣದವನಾದರೇನು, ಅತಿಥಿ ಅತಿಥಿಯೇ. ದೈಫಲ್ಲಾ ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ ಯಂತ್ರದ ಮುಂದಿಟ್ಟ.

ಯಂತ್ರ ಕುಡಿಯಲಿಲ್ಲ.

ಎಲ್ಲರ ಮುಖ ಗಂಭೀರವಾಯಿತು. ಆ ಸೀಮೆಯಲ್ಲಿ ಅತಿಥಿ ಬಟ್ಟಲು ಮುಟ್ಟದೆ ಕೂತನೆಂದರೆ ಏನನ್ನೋ ಕೇಳಲು ಬಂದಿದ್ದಾನೆಂದೇ ಅರ್ಥ. ಕೇಳಿದ್ದನ್ನು ನಡೆಸಿಕೊಡುವ ತನಕ ಅವನು ಕುಡಿಯುವುದಿಲ್ಲ. ನಡೆಸಿಕೊಡದಿದ್ದರೆ ಮನೆತನಕ್ಕೇ ಅವಮಾನ. ಇಲ್ಲಿ ಮನೆತನವೆಂದರೆ ಇಡೀ ಸೈನ್ಯ.

“ಏನೋ ಕೇಳೋಕೆ ಬಂದಿದೆ ಕಣಯ್ಯಾ,” ಎಂದರು ಪಾಷಾ, ದನಿ ತಗ್ಗಿಸಿ.

ವಿಷಯ ರಾಜಧಾನಿಗೆ ಹೋಯಿತು. ಅಲ್ಲಿರುವವರೂ ಮರ್ಯಾದಸ್ಥರ ಮಕ್ಕಳೇ; ಆ ದಿನವೇ ಸಮಿತಿ ಸೇರಿ, ಅತಿಥಿಗೆ ಡೇರೆ ಬೇಕಿರಬಹುದೆಂದು ತೀರ್ಮಾನಿಸಿದರು. ಸೈನಿಕರ ಡೇರೆಯನ್ನು ಯಂತ್ರಕ್ಕೆ ಬಿಟ್ಟುಕೊಡಲಾಯಿತು. ಬಟ್ಟಲು ತುಂಬಿಯೇ ಇತ್ತು. ಸೀಮೆಎಣ್ಣೆ ಒಲೆ ಕೊಟ್ಟರು, ಕಂಬಳಿ ಹೊದಿಸಿದರು. ಬಟ್ಟಲು ತುಂಬಿಯೇ ಇತ್ತು. ಡೇರೆಯೊಳಗೆ ಕಂಬಳಿ ಹೊದ್ದ ಯಂತ್ರವನ್ನು ಹೊರಗೆ ಬಯಲಲ್ಲಿ ನಿಂತು ಸೈನಿಕರು ಕಾಯತೊಡಗಿದರು. ಇದನ್ನು ‘ಕಾವಲು ವ್ಯವಸ್ಥೆಯ ಆಧುನೀಕರಣ’ ಎಂದು ಇಲಾಖೆ ಕರೆಯಿತು.

“ಸಾರ್ಜೆಂಟ್, ಒಂದು ಬೆರಳು ಇದೆಯೋ ಇಲ್ಲವೋ ಗೊತ್ತೇ ಆಗ್ತಿಲ್ಲ,” ಎಂದ ಮುತ್ಲಕ್.

“ಎಣಿಸಿ ನೋಡು.”

“ಎಣಿಸಿದೆ. ಲೆಕ್ಕಕ್ಕೆ ಸಿಗುತ್ತೆ, ಮಾತಿಗೆ ಸಿಗಲ್ಲ.”

ದೈಫಲ್ಲಾ ಆಕಾಶ ನೋಡಿದ. ಮೋಡ ಕಪ್ಪಾಗುತ್ತಿತ್ತು. ಅವನು ಡೇರೆಯೊಳಗೆ ಹೋಗಿ, ಯಂತ್ರದ ಪಕ್ಕ ಸ್ವಲ್ಪ ಹೊತ್ತು ಕೂತು, ಎದ್ದು ನೇರ ಪಾಷಾ ಬಳಿಗೆ ಬಂದ.

“ಪಾಷಾ, ಅದು ಬಾಯಿಬಿಡ್ತು.”

“ಏನು ಬೇಕಂತೆ?”

“ಬೂಟು.”

“ಚಕ್ರ ಇರೋದಕ್ಕೆ ಬೂಟು ಯಾಕಯ್ಯಾ?”

“ಬಂದೋರನ್ನ ಯಾಕೆ ಅಂತ ಕೇಳೋ ಪದ್ಧತಿ ನಿಮ್ಮ ಮನೇಲಿ ಉಂಟಾ ಪಾಷಾ?”

ಪಾಷಾ ಮುಖ ಕೆಂಪಗಾಯಿತು. ಅವರ ತಾತ, ಬಂದವರಿಗೆ ಕೊನೆಯ ಒಂಟೆಯನ್ನೂ ಕೊಯ್ದು ಬಡಿಸಿದವರು. “ಎಷ್ಟನೇ ನಂಬರು?” ಎಂದು ಮೆಲ್ಲಗೆ ಕೇಳಿದರು.

“ಹೆಚ್ಚಿನವು ನಲವತ್ತೆರಡು. ಒಂದೆರಡು ನಲವತ್ತನಾಲ್ಕೂ ಇರಲಿ ಅಂತು. ಠಾಣೆಯಲ್ಲಿ ಎಷ್ಟು ಜನ ಇದ್ದೀವೋ ಅಷ್ಟು ಜೊತೆ.”

ಸೈನಿಕರಿಗೆಂದು ಒಂದು ವರ್ಷ ಬಾರದ ಬೂಟು ಯಂತ್ರಕ್ಕೆಂದು ಮಾರನೆಯ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಬಂತು, ಒಳಗೆ ಉಣ್ಣೆಯ ಪದರವಿದ್ದ ಬೂಟು. ಎಲ್ಲರೂ ಹಾಕಿಕೊಂಡರು. ಯಾರೂ ನೋಡದ ಹೊತ್ತಿಗೆ ದೈಫಲ್ಲಾ ತಣ್ಣಗಾದ ಕಾಫಿಯನ್ನು ತಾನೇ ಕುಡಿದು, ಬರಿದಾದ ಬಟ್ಟಲನ್ನು ಪಾಷಾಗೆ ತೋರಿಸಿದ. ಸೈನ್ಯದ ಮಾನ ಉಳಿಯಿತು. ಸಂಜೆ ಹಿಮ ಬಿತ್ತು.

ಉಳಿದದ್ದು ಒಂದೇ ತೊಡಕು. ಯಂತ್ರಕ್ಕೆ ಮಂಜೂರಾದ ವಸ್ತುವನ್ನು ಮನುಷ್ಯರು ಬಳಸಿದರೆ ಶಿಕ್ಷಾರ್ಹ ಅಪರಾಧವೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರು. ಬೂಟು ಬಿಚ್ಚಿಸಿದರೆ ಅತಿಥಿಗೆ ಕೊಟ್ಟದ್ದನ್ನು ಕಿತ್ತುಕೊಂಡಂತಾಗುತ್ತದೆ. ಸಮಿತಿ ಮತ್ತೆ ಸೇರಿ ಈ ಪ್ರಕಟಣೆ ಹೊರಡಿಸಿತು:

‘ಸದರಿ ಹೊರಠಾಣೆಯ ಎಲ್ಲ ಸೈನಿಕರನ್ನೂ ಇಂದಿನಿಂದ ಜಾರಿಗೆ ಬರುವಂತೆ ಕಾವಲು ಯಂತ್ರದ ಹೆಚ್ಚುವರಿ ಚಕ್ರಗಳೆಂದು ಘೋಷಿಸಲಾಗಿದೆ. ಚಕ್ರಗಳಿಗೆ ಬೂಟು, ಕಂಬಳಿ ಹಾಗೂ ಬಿಸಿ ಊಟವನ್ನು ನಿರ್ವಹಣಾ ವೆಚ್ಚದಿಂದ ಭರಿಸತಕ್ಕದ್ದು. ಚಕ್ರಗಳು ರಜೆ ಕೋರುವಂತಿಲ್ಲ. ಸವೆದ ಚಕ್ರವನ್ನು ಬದಲಿಸಲಾಗುವುದು.’

ಸೈನಿಕರ ಮೇಲಿನ ವೆಚ್ಚ ಸೊನ್ನೆಗಿಳಿದದ್ದಕ್ಕೆ ಸಮಿತಿಗೆ ಪದಕ ಬಂತು.

ಆ ವಾರ ಮುತ್ಲಕ್ ತಾಯಿಗೆ ಫೋನು ಮಾಡಿದ.

“ಯುಮ್ಮಾ, ನಾನೀಗ ಸೈನಿಕ ಅಲ್ಲ. ಹಿಂದಿನ ಎಡಗಡೆ ಚಕ್ರ.”

“ಕಾಲು ಬೆಚ್ಚಗಿದೆಯಾ ಮಗಾ?”

“ಬೆಚ್ಚಗಿದೆ. ಬೆರಳು ಎಲ್ಲಾ ಇವೆ.”

“ದೇವರು ದೊಡ್ಡವನು,” ಎಂದು ಕಣ್ಣೊರೆಸಿಕೊಂಡು, ಆಕೆ ಪಕ್ಕದ ಮನೆಯ ಉಮ್ ಸತ್ತಾಮಳಿಗೆ ಖರ್ಜೂರ ಕೊಟ್ಟು ಸುದ್ದಿ ಹೇಳಿದಳು. ಉಮ್ ಸತ್ತಾಮ್ ಖರ್ಜೂರವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದು ಕೂತಳು.

“ಯಾರಿಗಾದರೂ ಒಂದು ಮಾತು ಹೇಳಿಸು ತಾಯಿ,” ಎಂದಳು. “ನಮ್ಮ ಹುಡುಗ, ಪಾಪ, ಆಚೆ ಗುಡ್ಡದಲ್ಲಿ ಇನ್ನೂ ಬರೀ ಸೈನಿಕನಾಗೇ ಇದಾನೆ.”